ಡೈನಿಂಗ್ ಟೇಬಲ್ ಮೇಲೆ ವಿಮಾನ ಇಳಿದರೆ...

"ಹತ್ತು ತಿಂಗಳಾಯ್ತು ಮೇಡಂ, ನಮ್ಮನೇಲಿ ಯಾರೂ ಟೇಬಲ್ ಮೇಲೆ ಊಟ ಮಾಡಿಲ್ಲ. ಅಲ್ಲಿ ವಿಮಾನ ನಿಂತಿದೆ!"

ಬೆಂಗಳೂರಿನ ಓದುಗರೊಬ್ಬರ ಪತ್ರ ಶುರುವಾಗೋದೇ ಹೀಗೆ. ಓದಿ ಮೊದಲು ನಗು ಬಂತು. ಪೂರ್ತಿ ಓದಿದ ಮೇಲೆ ನಗು ನಿಂತುಹೋಯ್ತು. ಅವರ ಯಜಮಾನರು ನಿವೃತ್ತರಾಗಿ ಎರಡು ವರ್ಷ. ಮೊದಲ ವರ್ಷ ಟೀವಿ ಮುಂದೆ ಮಂಕಾಗಿ ಕೂತಿದ್ದವರು, ಈಗ ಬೆಳಿಗ್ಗೆ ಕಾಫಿ ಕುಡಿದವರೇ ವಿಮಾನದ ಮುಂದೆ ಕೂರುತ್ತಾರೆ. ರೆಸಿನ್‌ನಲ್ಲಿ ಒಂದು ದೊಡ್ಡ ಮಾದರಿ ವಿಮಾನ ಕಟ್ಟುತ್ತಿದ್ದಾರೆ. ರೆಕ್ಕೆಯ ಈ ತುದಿಯಿಂದ ಆ ತುದಿಗೆ ಸುಮಾರು ಮೂರೂವರೆ ಅಡಿ! ನಾಲ್ಕು ಜನ ಕೂರುವ ಟೇಬಲ್ ಪೂರ್ತಿ ಅದಕ್ಕೇ ಸರಿಹೋಗಿದೆ. ಈಕೆಯ ಹೊಲಿಗೆ ಯಂತ್ರ ಬಾಲ್ಕನಿ ಸೇರಿದೆ. ಉಜ್ಜಿದ ಪುಡಿ ಸೋಫಾ, ಪರದೆ, ಫ್ಯಾನಿನ ರೆಕ್ಕೆ, ಎಲ್ಲದರ ಮೇಲೂ ಕೂತಿದೆ. ಇದೆಲ್ಲದಕ್ಕಿಂತ ಮುಖ್ಯವಾಗಿ, ಮನೆಯಲ್ಲಿರುವ ಎಂಬತ್ತೇಳು ವರ್ಷದ ಅತ್ತೆಗೆ ಮೂರು ತಿಂಗಳಿಂದ ರಾತ್ರಿ ಹೊತ್ತು ಉಬ್ಬಸ. "ಗುಜರಿಗೆ ಹಾಕಿಬಿಡ್ತೀನಿ ಅಂದೆ. ಅವತ್ತಿಂದ ಮಾತೇ ಆಡ್ತಿಲ್ಲ. ನಾನು ಮಾಡಿದ್ದು ತಪ್ಪಾ?" ಅಂತ ಕೇಳಿದ್ದಾರೆ.

ತಪ್ಪು ಅಂತಲೂ ಹೇಳಲಾರೆ, ಸರಿ ಅಂತಲೂ ಹೇಳಲಾರೆ. ಆದರೆ ಒಂದು ಮಾತನ್ನು ಖಡಾಖಂಡಿತವಾಗಿ ಹೇಳ್ತೀನಿ. ಹವ್ಯಾಸ ಒಬ್ಬರದ್ದಿರಬಹುದು, ಮನೆಯ ಗಾಳಿ ಮಾತ್ರ ಎಲ್ಲರದ್ದು.

ಅದು ಬರೀ ಆಟಿಕೆಯಲ್ಲ

ಪತ್ರದ ಕೊನೆಯಲ್ಲಿ ಒಂದು ಸಾಲಿದೆ. "ಇವರ ತಂದೆ ಎಚ್‌ಎಎಲ್‌ನಲ್ಲಿ ಫಿಟ್ಟರ್ ಆಗಿದ್ದರು. ಇದು ಅವರು ರಿಪೇರಿ ಮಾಡಿದ ವಿಮಾನವಂತೆ." ನನಗೆ ವಿಷಯ ತಿಳಿದದ್ದೇ ಈ ಸಾಲಿನಿಂದ.

ವಿಮಾನದ ಹೆಸರು ಬಿ-24 ಲಿಬರೇಟರ್. ನಾಲ್ಕು ಇಂಜಿನ್‌ಗಳ ಅಮೆರಿಕನ್ ಬಾಂಬರ್. ಎರಡನೇ ಮಹಾಯುದ್ಧ ಮುಗಿದಾಗ ಇಂಥ ಎಷ್ಟೋ ವಿಮಾನಗಳನ್ನು ಕಾನ್ಪುರದಲ್ಲಿ ಕೆಲಸಕ್ಕೆ ಬಾರದ ಹಾಗೆ ಮಾಡಿ ಬಿಟ್ಟುಹೋಗಿದ್ದರು. 1940ರಲ್ಲಿ ಬೆಂಗಳೂರಿನಲ್ಲಿ ಶುರುವಾದ ನಮ್ಮ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯವರು ಆ ಗುಜರಿ ರಾಶಿಯಿಂದ ಸುಮಾರು 40 ವಿಮಾನಗಳನ್ನು ಹಾರುವ ಮಟ್ಟಕ್ಕೆ ತಂದು, ಬೆಂಗಳೂರಿಗೆ ಹಾರಿಸಿಕೊಂಡು ಬಂದು, ಪೂರ್ತಿ ರಿಪೇರಿ ಮಾಡಿದರು. 1948ರಿಂದ ಅವು ನಮ್ಮ ವಾಯುಪಡೆಯಲ್ಲಿದ್ದವು. 1968ರವರೆಗೂ ದುಡಿದವು! ಬ್ರಿಟನ್ನಿನ ರಾಯಲ್ ಏರ್‌ಫೋರ್ಸ್ ಮ್ಯೂಸಿಯಂನಲ್ಲಿರುವ ಲಿಬರೇಟರ್ ಕೂಡ ನಮ್ಮ ವಾಯುಪಡೆ ಕೊಟ್ಟದ್ದೇ. ಗುಜರಿಯಿಂದ ಎದ್ದುಬಂದ ವಿಮಾನವನ್ನೇ "ಗುಜರಿಗೆ ಹಾಕ್ತೀನಿ" ಅಂದರೆ ಆ ಮನುಷ್ಯನಿಗೆ ಎಲ್ಲಿ ಚುಚ್ಚಿರಬೇಡ, ನೀವೇ ಹೇಳಿ.

ಹಾಗಂತ ಇದು ಗಂಡಸರ ಕಥೆ ಮಾತ್ರ ಅಂದ್ಕೋಬೇಡಿ. ಯುದ್ಧದ ಕಾಲದಲ್ಲಿ 18 ಸಾವಿರಕ್ಕೂ ಹೆಚ್ಚು ಲಿಬರೇಟರ್‌ಗಳು ತಯಾರಾದವು. ಅಮೆರಿಕದ ಮಿಷಿಗನ್ ರಾಜ್ಯದ ವಿಲ್ಲೋ ರನ್ ಎಂಬಲ್ಲಿದ್ದ ಫೋರ್ಡ್ ಕಾರ್ಖಾನೆಯಲ್ಲಿ 1944ರಲ್ಲಿ ಹೆಚ್ಚುಕಡಿಮೆ ಗಂಟೆಗೊಂದು ವಿಮಾನ ಹೊರಬರುತ್ತಿತ್ತು. ಅಲ್ಲಿ ರಿವೆಟ್ ಹೊಡೆದವರಲ್ಲಿ ಸಾವಿರಾರು ಮಂದಿ ಹೆಂಗಸರು, ಅದರಲ್ಲೂ ಅದುವರೆಗೆ ಮನೆಗೆಲಸ ಬಿಟ್ಟು ಬೇರೆ ಕೆಲಸ ಮಾಡದಿದ್ದ ಎಷ್ಟೋ ಗೃಹಿಣಿಯರು. ಟೇಬಲ್ ಮೇಲಿರುವ ಆ ವಿಮಾನದ ಹಿಂದೆ ನಮ್ಮಂಥವರ ಕೈಗಳೂ ಇವೆ.

ಸಕ್ಕರೆ ಅಚ್ಚಿನ ಥರವೇ!

ರೆಸಿನ್ ಮಾದರಿ ಅಂದರೇನು? ಸಂಕ್ರಾಂತಿಗೆ ಸಕ್ಕರೆ ಅಚ್ಚು ಮಾಡಿದವರಿಗೆ ವಿವರಿಸುವುದು ಸುಲಭ. ಮೊದಲು ಮರ, ಪ್ಲಾಸ್ಟಿಕ್ ಹಾಳೆಗಳಿಂದ ಒಂದು ಮೂಲ ತುಂಡು ಮಾಡುತ್ತಾರೆ. ಅದರ ಸುತ್ತ ಸಿಲಿಕೋನ್ ರಬ್ಬರ್ ಹೊಯ್ದು ಅಚ್ಚು ತೆಗೆಯುತ್ತಾರೆ. ಆಮೇಲೆ ಎರಡು ಬಾಟಲಿಗಳ ದ್ರವವನ್ನು ಅಳತೆ ಪ್ರಕಾರ ಬೆರೆಸಿ ಅಚ್ಚಿಗೆ ಸುರಿದರೆ ಕೆಲವು ನಿಮಿಷಗಳಲ್ಲೇ ಗಟ್ಟಿ. ಲಿಬರೇಟರ್‌ಗೆ ನಾಲ್ಕು ಇಂಜಿನ್, ಒಂದೊಂದಕ್ಕೆ 14 ಸಿಲಿಂಡರ್, ಒಟ್ಟು 56. ಅಷ್ಟನ್ನೂ ಒಂದೊಂದಾಗಿ ಕೆತ್ತಲು ಯಾರಿಗಾದೀತು? ಒಂದು ಇಂಜಿನ್ ಚೆನ್ನಾಗಿ ಮಾಡಿ, ಅಚ್ಚು ತೆಗೆದು, ನಾಲ್ಕು ಸಲ ಹೊಯ್ದರೆ ಆಯ್ತು.

ನಿಜವಾದ ಲಿಬರೇಟರ್‌ನ ರೆಕ್ಕೆ 33.5 ಮೀಟರ್, ಉದ್ದ 20 ಮೀಟರ್ ದಾಟುತ್ತೆ. 32 ಪಟ್ಟು ಚಿಕ್ಕದು ಮಾಡಿದರೂ ರೆಕ್ಕೆ 105 ಸೆಂಟಿಮೀಟರ್ ಉಳಿಯುತ್ತೆ. ಇಷ್ಟು ದೊಡ್ಡದಾದಾಗ ತೊಂದರೆಗಳೂ ದೊಡ್ಡವು. ರೆಸಿನ್ ತೂಕದ ವಸ್ತು, ಸೆಖೆಗೆ ಮೆತ್ತಗಾಗಿ ರೆಕ್ಕೆ ನಿಧಾನವಾಗಿ ಜೋಲುತ್ತೆ. ಅದಕ್ಕೇ ಒಳಗೆ ಹಿತ್ತಾಳೆ ಅಥವಾ ಸ್ಟೀಲ್ ಕೊಳವೆ ಕೂರಿಸಬೇಕು. ಚಕ್ರದ ಕಾಲುಗಳಿಗೂ ಲೋಹವೇ ಆಗಬೇಕು. ಇನ್ನು ಮೂಗಿನೊಳಗೆ ತೂಕ ಇಡದಿದ್ದರೆ ವಿಮಾನ ಬಾಲದ ಮೇಲೆ ಕುಕ್ಕರಿಸುತ್ತೆ! ತಿಂಗಳುಗಟ್ಟಲೆ ಹಿಡಿಯುವ, ತಲೆ ಕೈ ಎರಡೂ ಬೇಡುವ ಕೆಲಸ ಇದು. ಕೆಲಸ ಬಿಟ್ಟ ಮೇಲೆ ಗಂಡಸರಿಗೆ ಬರುವ ಆ ಮಂಕುತನಕ್ಕೆ ಇದಕ್ಕಿಂತ ಒಳ್ಳೇ ಮದ್ದು ಸಿಗೋದು ಕಷ್ಟ.

ಆದರೆ ಉಸಿರಿನ ಪ್ರಶ್ನೆ?

ಇಲ್ಲಿ ಮಾತ್ರ ರಾಜಿ ಬೇಡ. ಇಂಥ ಪಾಲಿಯುರಿಥೇನ್ ರೆಸಿನ್‌ನ ಎರಡು ದ್ರವಗಳಲ್ಲಿ ಒಂದರಲ್ಲಿ ಐಸೊಸಯನೇಟ್ ಎಂಬ ರಾಸಾಯನಿಕ ಇರುತ್ತೆ. ಕಾರ್ಖಾನೆ ಕೆಲಸಗಾರರಿಗೆ ಬರುವ ಆಸ್ತಮಾಗೆ ಇದು ಬಹಳ ಹಿಂದಿನಿಂದ ಗೊತ್ತಿರುವ ಕಾರಣಗಳಲ್ಲೊಂದು. ಇದರ ತೊಂದರೆ ಏನೆಂದರೆ, ದೇಹಕ್ಕೆ ಒಮ್ಮೆ ಆಗಿಬರದೇ ಹೋದರೆ ಆಮೇಲೆ ಚೂರು ಸೋಕಿದರೂ ಎದೆ ಬಿಗಿಯುತ್ತೆ. "ನನಗೇನೂ ಆಗಿಲ್ಲ, ಅಮ್ಮನಿಗೆ ವಯಸ್ಸಾಯ್ತು, ಅದಕ್ಕೇ" ಎನ್ನುವ ಮಾತು ಇಲ್ಲಿ ನಡೆಯೋಲ್ಲ.

ಪೂರ್ತಿ ಗಟ್ಟಿಯಾದ ರೆಸಿನ್ ತಂಟೆ ಮಾಡುವುದಿಲ್ಲ. ತಯಾರಾದ ವಿಮಾನ ಹಾಲ್‌ನಲ್ಲಿ ಧಾರಾಳವಾಗಿ ನಿಲ್ಲಬಹುದು, ಹೆದರಬೇಡಿ. ಆದರೆ ಗಟ್ಟಿಯಾದದ್ದನ್ನು ಉಜ್ಜಿದಾಗ ಏಳುವ ನುಣುಪು ಪುಡಿ ಎದೆಯೊಳಕ್ಕೆ ಇಳಿಯುತ್ತೆ. ಜೊತೆಗೆ ಕ್ಷಣದಲ್ಲಿ ಹಿಡಿಯುವ ಅಂಟಿನ ಘಾಟು, ಏರ್‌ಬ್ರಶ್‌ನಿಂದ ಹಾರುವ ಬಣ್ಣ, ಥಿನ್ನರ್ ವಾಸನೆ. ಇಷ್ಟೂ ಊಟದ ಕೋಣೆಯಲ್ಲಿ! ಎಸಿ ಹಾಕಿದರೆ ಹೋಗುತ್ತೆ ಅಂತ ಕೆಲವರು ಅಂದ್ಕೋತಾರೆ. ಮನೆಯ ಎಸಿ ಒಳಗಿನ ಗಾಳಿಯನ್ನೇ ಸುತ್ತಿಸುತ್ತೆ, ಹೊರಗೆ ಹಾಕುವುದಿಲ್ಲ.

ಪತ್ರ ಬರೆದ ಸೋದರಿಗೆ ನನ್ನ ಮೊದಲ ಮಾತು ಇದೇ. ಜಗಳ ಆಮೇಲೆ, ಮೊದಲು ಅತ್ತೆಯನ್ನು ವೈದ್ಯರ ಹತ್ತಿರ ಕರೆದುಕೊಂಡು ಹೋಗಿ. ಹೋಗುವಾಗ ರೆಸಿನ್ ಡಬ್ಬಿಯ ಲೇಬಲ್‌ನ ಫೋಟೋ ತೆಗೆದುಕೊಂಡು ಹೋಗಿ ತೋರಿಸಿ. ಉಬ್ಬಸಕ್ಕೆ ಕಾರಣ ಇದೇ ಇರಬಹುದು, ಬೇರೆಯೂ ಇರಬಹುದು. ಅದನ್ನು ಹೇಳಬೇಕಾದವರು ವೈದ್ಯರು, ನೀವೂ ಅಲ್ಲ, ನಾನೂ ಅಲ್ಲ. ಅಲ್ಲಿಯವರೆಗೆ ರೆಸಿನ್ ಹೊಯ್ಯುವುದು, ಉಜ್ಜುವುದು ಎರಡೂ ಬಂದ್.

ನಮ್ಮ ಕಡೆಯೂ ನೋಡಿಕೊಳ್ಳೋಣ

ಬರೀ ಗಂಡಸರನ್ನು ಬೈದು ಪ್ರಯೋಜನವಿಲ್ಲ. ನಿಮ್ಮಲ್ಲೇ ಎಷ್ಟೋ ಮಂದಿ ರೆಸಿನ್ ಆರ್ಟ್ ಕಲಿತು ಕೋಸ್ಟರ್, ಟ್ರೇ, ಗಡಿಯಾರ, ಮದುವೆ ಹಾರದ ಫ್ರೇಮ್ ಮಾಡ್ತೀರಿ. ಅಡುಗೆಮನೆ ಕಟ್ಟೆ ಮೇಲೆ, ಪಕ್ಕದಲ್ಲಿ ಮಗು ಕೂರಿಸಿಕೊಂಡು! ಅದು ಎಪಾಕ್ಸಿ ರೆಸಿನ್, ಬೇರೆ ಜಾತಿಯದು ನಿಜ. ಆದರೆ ಗಟ್ಟಿಯಾಗುವ ಮೊದಲು ಅದೂ ಚರ್ಮಕ್ಕೆ ತುರಿಕೆ, ಅಲರ್ಜಿ ತರುತ್ತೆ, ಅದರ ಪುಡಿಯೂ ಕೆಟ್ಟದ್ದೇ. ಯಜಮಾನರಿಗೆ ಹೇಳುವ ನಿಯಮ ನಮಗೂ ಅನ್ವಯಿಸಬೇಕು ತಾನೇ?

ಇನ್ನೊಂದು ಮಾತು. ಗಂಡನ ಹವ್ಯಾಸವನ್ನು ನೆಂಟರ ಮುಂದೆ "ನಮ್ಮನೆಯವರಿಗೆ ಮತ್ತೆ ಬಾಲ್ಯ ಬಂದಿದೆ" ಅಂತ ಗೇಲಿ ಮಾಡುವ ಚಟ ನಮಗಿದೆ. ನೀವು ಹೆಣೆದ ಸ್ವೆಟರನ್ನೋ, ಹಾಕಿದ ಕಸೂತಿಯನ್ನೋ ಯಾರಾದರೂ ಹೀಗೆ ಹಂಗಿಸಿದರೆ ಹೇಗಿರುತ್ತೆ? ಗೇಲಿಯಿಂದ ಹವ್ಯಾಸ ನಿಲ್ಲೋಲ್ಲ, ಮಾತು ನಿಲ್ಲುತ್ತೆ.

ಇನ್ನು ಗಂಡಸರ ತಪ್ಪು ಬೇರೆ ಥರದ್ದು. ಮನೆಯ ಊಟದ ಟೇಬಲ್ಲನ್ನು ಕೇಳದೆ ತೆಗೆದುಕೊಂಡದ್ದು. ಹೊಲಿಗೆ ಯಂತ್ರ ಬಾಲ್ಕನಿಗೆ ಹೋದಾಗ "ಅಲ್ಲೇ ಇರಲಿ ಬಿಡು" ಅಂದದ್ದು. ಅವರ ಕೆಲಸಕ್ಕೆ ಜಾಗ ಬೇಕು, ನಿಮ್ಮ ಕೆಲಸ ಎಲ್ಲಾದರೂ ಆಗುತ್ತೆ ಅನ್ನೋ ಭಾವನೆ ಇದೆಯಲ್ಲ, ರೆಸಿನ್ ಪುಡಿಗಿಂತ ಅದನ್ನು ಒರೆಸೋದು ಕಷ್ಟ.

ಹೇಗೆ ಹೇಳೋದು?

ಸಿಟ್ಟು ಬಂದಾಗ ಹೇಳಬೇಡಿ. ಸಂಜೆ ಕಾಫಿ ಹೊತ್ತಲ್ಲಿ, ಅತ್ತೆಯನ್ನೂ ಕೂರಿಸಿಕೊಂಡು, ಮೊದಲು ವಿಮಾನದ ವಿಷಯ ಕೇಳಿ. "ಮಾವ ಇದರಲ್ಲಿ ಯಾವ ಭಾಗದ ಕೆಲಸ ಮಾಡ್ತಿದ್ರು?" ಅಂತ ಕೇಳಿನೋಡಿ. ಅತ್ತೆಗೂ ನೆನಪುಗಳಿರುತ್ತವೆ. ಆಮೇಲೆ ಹೇಳಿ: "ರೀ, ವಿಮಾನ ಮುಗಿಸಿ, ನನಗೂ ನೋಡೋ ಆಸೆ ಇದೆ. ಆದ್ರೆ ಮಾವನ ನೆನಪಿಗೆ ಅಂತ ಮಾಡೋ ಕೆಲಸದಿಂದ ಅಮ್ಮನ ಉಸಿರು ಕಟ್ಟಬಾರದು. ಜಾಗ ಬದಲಾಯಿಸೋಣ." ಇದಕ್ಕೆ ಇಲ್ಲ ಅನ್ನುವ ಗಂಡಸು ಅಪರೂಪ.

ಅದೇ ಹೊತ್ತಲ್ಲಿ ನಿಮ್ಮ ಪಾಲನ್ನೂ ಕೇಳಿ. ಹೊಲಿಗೆ ಯಂತ್ರ ಒಳಗೆ ಬರಬೇಕು, ಬೆಳಕಿರುವ ಕಿಟಕಿ ಪಕ್ಕಕ್ಕೆ. ಅವರ ಬಣ್ಣ, ರೆಸಿನ್‌ಗೆ ತಿಂಗಳಿಗೆ ಇಷ್ಟು ಅಂತ ಇದ್ದರೆ ನಿಮ್ಮ ಬಟ್ಟೆ, ದಾರಕ್ಕೂ ಇಷ್ಟು ಅಂತ ಇರಲಿ. ಕೇಳೋದಕ್ಕೆ ಸಂಕೋಚ ಬೇಡ.

ಮನೆಯಲ್ಲಿ ರೆಸಿನ್ ಕೆಲಸವಿದ್ದರೆ ನೆನಪಿಡಿ

* ದ್ರವ ಬೆರೆಸುವುದು, ಹೊಯ್ಯುವುದು ತೆರೆದ ಬಾಲ್ಕನಿ, ತಾರಸಿ ಅಥವಾ ಗ್ಯಾರೇಜ್‌ನಲ್ಲೇ ಆಗಲಿ. ಮಕ್ಕಳು, ಗರ್ಭಿಣಿಯರು, ಆಸ್ತಮಾ ಇರುವವರು ಹತ್ತಿರ ಸುಳಿಯದಿರಲಿ.

* ಬಟ್ಟೆಯ ಮಾಸ್ಕ್ ಸಾಲದು. ಪುಡಿಗೆ ಎನ್-95 ಆಗುತ್ತೆ, ಆದರೆ ಅದು ಆವಿಯನ್ನು ತಡೆಯೋಲ್ಲ. ಆವಿಗೆ ರಾಸಾಯನಿಕ ತಡೆಯುವ ಕಾರ್ಟ್ರಿಜ್ ಇರುವ ಮಾಸ್ಕ್ ಬೇಕು. ಕೈಗೆ ನೈಟ್ರೈಲ್ ಗ್ಲೌಸ್, ಕಣ್ಣಿಗೆ ಕನ್ನಡಕ.

* ಒಣದಾಗಿ ಉಜ್ಜಬೇಡಿ. ವಾಟರ್ ಪೇಪರ್ ಒದ್ದೆ ಮಾಡಿಕೊಂಡು ಉಜ್ಜಿದರೆ ಪುಡಿ ಹಾರುವುದಿಲ್ಲ. ಬಿದ್ದದ್ದನ್ನು ಪೊರಕೆಯಿಂದ ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಿ. ಒರೆಸುವ ಕೆಲಸ, ಉಜ್ಜಿದವರದ್ದೇ!

* ಹೊಯ್ದ ತುಂಡುಗಳಿಗೆ ಅಚ್ಚಿನ ಎಣ್ಣೆ ಅಂಟಿರುತ್ತೆ. ಬಣ್ಣ ಹಿಡಿಯಬೇಕಾದರೆ ಸೋಪು ನೀರಲ್ಲಿ ತೊಳೆಯಬೇಕು. ಅದಕ್ಕೆ ಬೇರೆ ಬಕೆಟ್, ಬೇರೆ ಬ್ರಶ್ ಇರಲಿ, ಅಡುಗೆಮನೆ ಸಿಂಕ್ ಬೇಡ. ರೆಸಿನ್ ಮುಟ್ಟಿದ ಲೋಟ, ಚಮಚ ಮತ್ತೆ ಅಡುಗೆಗೆ ಬರಬಾರದು.

* ಒಮ್ಮೆಗೇ ಹೆಚ್ಚು ರೆಸಿನ್ ಬೆರೆಸಿದರೆ ಲೋಟ ಕೈ ಸುಡುವಷ್ಟು ಬಿಸಿಯಾಗುತ್ತೆ. ಸ್ವಲ್ಪಸ್ವಲ್ಪವೇ ಬೆರೆಸಿ. ಉಳಿದದ್ದನ್ನು ಚರಂಡಿಗೆ ಸುರಿಯದೆ, ಗಟ್ಟಿಯಾದ ಮೇಲೆ ಕಸಕ್ಕೆ ಹಾಕಿ.

* ಥಿನ್ನರ್, ಸ್ಪ್ರೇ ಬಣ್ಣ ಬೆಂಕಿಗೆ ಬೇಗ ಹತ್ತಿಕೊಳ್ಳುತ್ತವೆ. ಗ್ಯಾಸ್ ಒಲೆ, ದೇವರ ಮನೆಯ ದೀಪ, ಊದುಬತ್ತಿ ಹತ್ತಿರವಿದ್ದಾಗ ಬಳಸಲೇಬಾರದು.

* ಮೂಗಿನ ತೂಕಕ್ಕೆ ಸೀಸದ ಗುಂಡು ಬೇಡ, ಅದು ವಿಷ. ಸ್ಟೀಲ್ ನಟ್ಟು, ಬೋಲ್ಟು ಸಾಕು.

* ಮುಗಿದ ವಿಮಾನವನ್ನು ಬಿಸಿಲು ಬೀಳದ ಕಡೆ ಇಡಿ. ಧೂಳಿಗೆ ಮೇಕಪ್‌ನ ಮೆತ್ತನೆ ಬ್ರಶ್ ಒಳ್ಳೆಯದು. ಗಾಜಿನ ಪೆಟ್ಟಿಗೆ ಮಾಡಿಸಿದರೆ ಇನ್ನೂ ಒಳ್ಳೆಯದು.

ಕೊನೆಯದಾಗಿ, ವಿಮಾನ ಮುಗಿದ ದಿನ ಮನೆಯವರೆಲ್ಲ ಸೇರಿ ಹಳೇ ವಿಮಾನ ನಿಲ್ದಾಣ ರಸ್ತೆಯಲ್ಲಿರುವ ಎಚ್‌ಎಎಲ್ ಮ್ಯೂಸಿಯಂಗೆ ಹೋಗಿಬನ್ನಿ. ಮಾವ ದುಡಿದ ಕಾರ್ಖಾನೆಯ ಕಥೆ ಅಲ್ಲಿದೆ. ಅತ್ತೆಯ ಕೈ ಹಿಡಿದು ನಿಧಾನವಾಗಿ ನಡೆಸಿ. ವಾಪಸು ಬಂದು, ಖಾಲಿಯಾದ ಟೇಬಲ್ ಒರೆಸಿ, ಎಲ್ಲರೂ ಒಟ್ಟಿಗೆ ಕೂತು ಬಿಸಿಬಿಸಿ ಊಟ ಮಾಡಿ. ಆ ಸುದ್ದಿಯನ್ನೂ ನನಗೆ ಬರೆಯುವುದನ್ನು ಮರೀಬೇಡಿ, ಆಯ್ತಾ?