ಪಹಣಿಯಲ್ಲಿ ಹೆಸರಿಲ್ಲದವರ ನಲವತ್ತು ವರ್ಷ

ವಿಶ್ವಸಂಸ್ಥೆ 2026ನ್ನು ಅಂತರರಾಷ್ಟ್ರೀಯ ರೈತ ಮಹಿಳೆಯರ ವರ್ಷವೆಂದು ಘೋಷಿಸಿದೆ. ನಮ್ಮಲ್ಲಿ ಇದು ಇನ್ನೊಂದು ಲೆಕ್ಕ ಹಾಕಬೇಕಾದ ವರ್ಷವೂ ಹೌದು. ಮಹಾರಾಷ್ಟ್ರದ ರೈತ ಚಳವಳಿ ಶೇತಕರಿ ಸಂಘಟನೆಯ ಮಹಿಳೆಯರು ನಾಸಿಕ್ ಜಿಲ್ಲೆಯ ಚಾಂದವಡದಲ್ಲಿ ಸೇರಿದ್ದು 1986ರ ನವೆಂಬರಿನಲ್ಲಿ. ಲಕ್ಷಕ್ಕೂ ಮಿಕ್ಕಿ ಹೆಂಗಸರು ಬಂದಿದ್ದರೆಂದು ಹೇಳುತ್ತಾರೆ. ಅಲ್ಲಿಂದೀಚೆಗೆ ಹೊಲದ ಹೆಣ್ಣುಮಕ್ಕಳು ಸಂಘ ಕಟ್ಟಿಕೊಂಡು ಸರ್ಕಾರದಿಂದ ಪಡೆದದ್ದೆಷ್ಟು, ಬಾಕಿ ಉಳಿದದ್ದೆಷ್ಟು?

ಚಾಂದವಡದ ಹೆಂಗಸರು ಬೆಳೆಯ ಬೆಲೆಯ ಜೊತೆಗೆ ಪಂಚಾಯಿತಿ ಮತ್ತು ಆಸ್ತಿಯ ಮಾತನ್ನೂ ಎತ್ತಿದರು. ಜಳಗಾಂವ್ ಜಿಲ್ಲೆಯ ವಿಟ್ನೇರ್ ಊರಿನಲ್ಲಿ 1989ರಲ್ಲಿ ಪಂಚಾಯಿತಿಗೆ ಆರಿಸಿ ಬಂದವರೆಲ್ಲ ಮಹಿಳೆಯರೇ. ಮುಂದೆ ಸಂಘಟನೆಯ ನಾಯಕ ಶರದ್ ಜೋಶಿ ‘ಲಕ್ಷ್ಮೀ ಮುಕ್ತಿ’ ಎಂಬ ಕಾರ್ಯಕ್ರಮ ಹೂಡಿದರು. ಯಾವ ಊರಿನಲ್ಲಿ ನೂರು ಕುಟುಂಬಗಳು ಹೆಂಡತಿಯ ಹೆಸರಿಗೆ ಜಮೀನು ಬರೆಯುತ್ತವೋ ಆ ಊರಿಗೆ ಅವರೇ ಹೋಗಿ ಗೌರವಿಸುತ್ತಿದ್ದರು. ಗಂಡ ಮನಸ್ಸು ಮಾಡಿದರೆ ಮಾತ್ರ ಹೆಂಡತಿಗೆ ಭೂಮಿ ಎಂಬುದು ಅದರ ದೊಡ್ಡ ಕೊರತೆ. ಆದರೂ ಗಂಟು ಎಲ್ಲಿದೆ ಎಂಬುದನ್ನು ಆ ಚಳವಳಿ ಸರಿಯಾಗಿಯೇ ಗುರುತಿಸಿತ್ತು. ಬೆಳೆ ಸಾಲ, ಪರಿಹಾರ, ಪಿಎಂ ಕಿಸಾನ್ ಹಣ, ಎಲ್ಲಕ್ಕೂ ಮೊದಲು ಕೇಳುವುದು ಜಮೀನಿನ ದಾಖಲೆ. ಗ್ರಾಮೀಣ ಭಾರತದಲ್ಲಿ ದುಡಿಯುವ ಹೆಂಗಸರಲ್ಲಿ ನಾಲ್ಕರಲ್ಲಿ ಮೂವರು ಇರುವುದು ಕೃಷಿಯಲ್ಲಿ. 2015–16ರ ಕೃಷಿ ಗಣತಿಯಲ್ಲಿ ಮಹಿಳೆಯರ ಹೆಸರಿಗೆ ಲೆಕ್ಕವಾದ ಹಿಡುವಳಿ ಶೇ 13.87. ಅದಕ್ಕೂ ಐದು ವರ್ಷಗಳ ಹಿಂದೆ ಅದು ಶೇ 12.79 ಇತ್ತು.

ಈ ನಲವತ್ತು ವರ್ಷಗಳಲ್ಲಿ ನಮಗೆ ಅತ್ಯಂತ ಭರವಸೆ ತರುವ ಕೆಲಸ ಬೀದರ್ ಗಡಿಯಾಚೆ, ತೆಲಂಗಾಣದ ಜಹೀರಾಬಾದಿನ ಮಳೆಯಾಶ್ರಿತ ಹೊಲಗಳಲ್ಲಿ ನಡೆದಿದೆ. ಅಲ್ಲಿನ ಸ್ವಯಂಸೇವಾ ಸಂಸ್ಥೆ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಸಂಘಗಳಲ್ಲಿ ಇದ್ದವರು ಬಹುಪಾಲು ದಲಿತ ಹೆಂಗಸರು. ಬೀಳುಬಿದ್ದ ತುಂಡು ನೆಲವನ್ನು ಹದಗೊಳಿಸಿ ಜೋಳ, ನವಣೆ, ತೊಗರಿ ಬೆಳೆದರು. ಬೀಜವನ್ನು ಮನೆಯಲ್ಲೇ ಕಾಪಿಟ್ಟರು. ರೇಷನ್ ಅಂಗಡಿ ಅಕ್ಕಿಯನ್ನಷ್ಟೇ ಕೊಡುತ್ತಿದ್ದಾಗ, 1990ರ ದಶಕದಲ್ಲೇ ತಮ್ಮೂರ ಜೋಳವನ್ನು ತಮ್ಮೂರ ಬಡವರಿಗೆ ಹಂಚುವ ವ್ಯವಸ್ಥೆಯನ್ನು ತಾವೇ ನಡೆಸಿದರು. 2008ರಲ್ಲಿ ತಮ್ಮದೇ ಸಂಘಂ ರೇಡಿಯೊ ಶುರುಮಾಡಿದರು. 2013ರ ಆಹಾರ ಭದ್ರತಾ ಕಾಯ್ದೆಯಲ್ಲಿ ಅಕ್ಕಿ, ಗೋಧಿಯ ಪಕ್ಕದಲ್ಲಿ ಒರಟು ಧಾನ್ಯಗಳಿಗೂ ಜಾಗ ಸಿಕ್ಕಿತು. ಅದನ್ನು ಅವರೊಬ್ಬರೇ ತಂದರೆನ್ನಲಾಗದು. ಆದರೆ ಇದು ಆಗುವ ಕೆಲಸವೇ ಎಂದು ಕೇಳಿದವರಿಗೆ ತೋರಿಸಲು ದೇಶದಲ್ಲಿ ಒಂದು ಜಾಗವಿತ್ತು. ಬೇಡಿಕೆಯ ಪತ್ರ ಬರೆಯುವ ಮೊದಲು ಮಾಡಿ ತೋರಿಸಿದ್ದೇ ಅವರ ಬಲ.

ಕಾಗದದ ಮೇಲೂ ಗೆಲುವುಗಳಿವೆ. ಕರ್ನಾಟಕ 1994ರಲ್ಲೇ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಕೊಟ್ಟಿತು. 2005ರ ಕೇಂದ್ರದ ತಿದ್ದುಪಡಿ ಕೃಷಿಭೂಮಿಗಿದ್ದ ವಿನಾಯಿತಿಯನ್ನೂ ತೆಗೆಯಿತು. ಹಾಗಿದ್ದೂ ತವರಿನ ಸಂಬಂಧ ಕೆಡದಿರಲೆಂದು ಅಕ್ಕತಂಗಿಯರು ಹಕ್ಕು ಬಿಡುಗಡೆ ಪತ್ರಕ್ಕೆ ರುಜು ಹಾಕುವುದು ನಿಂತಿಲ್ಲ. 2007ರ ರಾಷ್ಟ್ರೀಯ ರೈತ ನೀತಿ ಗೇಣಿದಾರರನ್ನೂ ಕೂಲಿಕಾರರನ್ನೂ ರೈತರೆಂದು ಒಪ್ಪಿತು. ಕೃಷಿ ವಿಜ್ಞಾನಿ ಎಂ.ಎಸ್. ಸ್ವಾಮಿನಾಥನ್ ಇನ್ನೊಂದು ಹೆಜ್ಜೆ ಮುಂದೆ ಹೋಗಿ ರಾಜ್ಯಸಭೆಯಲ್ಲಿ ರೈತ ಮಹಿಳೆಯರ ಹಕ್ಕುಗಳ ಖಾಸಗಿ ಮಸೂದೆ ತಂದರು. ಭೂಮಿ ಇರಲಿ ಬಿಡಲಿ, ಬೇಸಾಯ ಮಾಡುವ ಹೆಣ್ಣಿಗೆ ಗ್ರಾಮ ಪಂಚಾಯಿತಿಯೇ ರೈತ ಪ್ರಮಾಣಪತ್ರ ಕೊಡಬೇಕೆಂಬುದು ಅದರ ತಿರುಳು. 2013ರಲ್ಲಿ ಅದು ಚರ್ಚೆಯೇ ಇಲ್ಲದಂತೆ ಬಿದ್ದುಹೋಯಿತು. ಈ ದೇಶದ ಕೃಷಿ ನೀತಿಯಲ್ಲಿ ಇದಕ್ಕಿಂತ ದೊಡ್ಡ ಕೈತಪ್ಪಿದ ಅವಕಾಶ ನಮಗೆ ಕಾಣುವುದಿಲ್ಲ.

ಅದೇ ಬೇಡಿಕೆಯನ್ನು ರೈತ ಮಹಿಳೆಯರ ವೇದಿಕೆ ಮಹಿಳಾ ಕಿಸಾನ್ ಅಧಿಕಾರ್ ಮಂಚ್ ಎತ್ತಿ ಹಿಡಿದಿದೆ. ಆತ್ಮಹತ್ಯೆ ಮಾಡಿಕೊಂಡ ರೈತರ ಹೆಂಡಂದಿರಲ್ಲಿ 505 ಮಂದಿಯನ್ನು ಮಂಚ್ 2018ರಲ್ಲಿ ವಿದರ್ಭ, ಮರಾಠವಾಡಗಳಲ್ಲಿ ಮಾತಾಡಿಸಿತು. ತಾವು ಉಳುತ್ತಿದ್ದ ಹೊಲದ ಹಕ್ಕು ಶೇ 40 ಮಂದಿಗೆ ಇನ್ನೂ ಬಂದಿರಲಿಲ್ಲ. ಅದೇ ವರ್ಷದ ನವೆಂಬರಿನಲ್ಲಿ ಅವರಲ್ಲಿ ಕೆಲವರು ಮುಂಬೈನ ಆಜಾದ್ ಮೈದಾನಕ್ಕೆ ಬಂದು ತಮ್ಮ ಪಾಡನ್ನು ತಾವೇ ಹೇಳಿಕೊಂಡರು. ಪತಿಯ ಸಾವು ದಾಖಲೆಗೆ ಹತ್ತುತ್ತದೆ, ಪತ್ನಿಯ ಬೇಸಾಯ ಹತ್ತುವುದಿಲ್ಲ. ಇದು ನಮ್ಮ ಜಿಲ್ಲೆಗಳಲ್ಲೂ ಇರುವ ಅನ್ಯಾಯ.

ರೈತ ಸಂಘಟನೆಗಳೂ ತಮ್ಮ ಮನೆಯನ್ನು ನೋಡಿಕೊಳ್ಳಬೇಕು. ಕೃಷಿ ಕಾಯ್ದೆಗಳ ವಿರುದ್ಧ ದೆಹಲಿ ಗಡಿಯಲ್ಲಿ ನಡೆದ ಹೋರಾಟದಲ್ಲಿ ಮುದುಕಿಯರು ಚಳಿಯಲ್ಲಿ ಕೂತರು, ರೊಟ್ಟಿ ಬಡಿದರು, ಟ್ರ್ಯಾಕ್ಟರ್ ಓಡಿಸಿದರು. 2021ರ ಜನವರಿಯಲ್ಲಿ ಹೆಂಗಸರನ್ನೂ ವೃದ್ಧರನ್ನೂ ಅಲ್ಲಿ ಏಕೆ ಇರಿಸಿಕೊಂಡಿದ್ದೀರಿ ಎಂದು ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿಗಳು ಕೇಳಿದಾಗ, ನಾವಾಗಿಯೇ ಬಂದವರು ಎಂದು ಆ ಹೆಂಗಸರೇ ಉತ್ತರ ಕೊಟ್ಟರು. ಆದರೆ ಸರ್ಕಾರದೊಡನೆ ಮಾತುಕತೆಗೆ ಕೂತ ಸುಮಾರು 40 ಮುಖಂಡರಲ್ಲಿ ಮಹಿಳೆ ಎಂದರೆ ಮಂಚ್‌ನ ಕವಿತಾ ಕುರುಗಂಟಿ ಒಬ್ಬರೇ. ಕರ್ನಾಟಕದ ರೈತ ಸಂಘಗಳ ವೇದಿಕೆಗಳಲ್ಲೂ ಹೆಂಗಸರು ಹಿಂದಿನ ಸಾಲಿನಲ್ಲೇ ಇದ್ದಾರೆ.

ಸರ್ಕಾರಗಳು ಇಷ್ಟು ದಿನ ಹೆಂಗಸರ ಸಂಘಟನೆಯನ್ನು ಉಳಿತಾಯ, ಸಾಲ, ಕಂತು ಎಂಬಷ್ಟಕ್ಕೇ ಕಟ್ಟಿಹಾಕಿವೆ. ಸ್ವಸಹಾಯ ಸಂಘಗಳಿಂದ ಆದ ಒಳಿತನ್ನು ನಾವು ಕಡೆಗಣಿಸುವುದಿಲ್ಲ. ಆದರೆ ಕಂತು ಕಟ್ಟುವ ಸಂಘವನ್ನು ಬಿತ್ತನೆ ಬೀಜದ ಬಗ್ಗೆ, ಬೆಂಬಲ ಬೆಲೆಯ ಬಗ್ಗೆ ಕೇಳುವವರಿಲ್ಲ. ನಮ್ಮ ಭೂಸುಧಾರಣಾ ಕಾಯ್ದೆ ಗೇಣಿಯನ್ನು ನಿಷೇಧಿಸಿರುವುದರಿಂದ, ಕೋರಿಗೆ ಹೊಲ ಮಾಡುವ ಹೆಣ್ಣುಮಗಳ ಬಳಿ ಇರುವುದು ಬರೀ ಬಾಯಿಮಾತು. ಬೆಳೆ ಹೋದರೆ ಪರಿಹಾರ ಪಹಣಿದಾರನ ಖಾತೆಗೆ, ಸಾಲ ಅವಳ ತಲೆಗೆ. ಭೂಮಿಯೂ ಕೃಷಿಯೂ ರಾಜ್ಯಕ್ಕೆ ಸೇರಿದ ವಿಷಯಗಳು. ಸ್ವಾಮಿನಾಥನ್ ಮಸೂದೆಯ ಪ್ರಮಾಣಪತ್ರ ಕೊಡಲು ಕರ್ನಾಟಕ ದೆಹಲಿಯ ದಾರಿ ಕಾಯಬೇಕಿಲ್ಲ. ಗ್ರಾಮಸಭೆ ಒಪ್ಪಿದ ಹೆಸರುಗಳಿಗೆ ರೈತ ಸಂಪರ್ಕ ಕೇಂದ್ರದ ಬೀಜ, ಶೂನ್ಯ ಬಡ್ಡಿಯ ಬೆಳೆ ಸಾಲ, ಬೆಳೆ ನಷ್ಟದ ಪರಿಹಾರ ಮೂರೂ ಸಲ್ಲುವಂತೆ ಸರ್ಕಾರ ಆದೇಶ ಹೊರಡಿಸಬೇಕು, ರೈತ ಮಹಿಳೆಯರ ವರ್ಷ ಕ್ಯಾಲೆಂಡರಿನಲ್ಲಿ ಮುಗಿಯುವ ಮೊದಲೇ.