ತಲೆ ಎಣಿಸಿದ್ದು ಸಾಕು, ತಾಸು ಎಣಿಸೋಣ

ಚಳಿಗಾಲ ಬಂತೆಂದರೆ ಮಂಗಳೂರಿನ ಪತ್ರಿಕೆಗಳಲ್ಲಿ ಒಂದು ಸುದ್ದಿ ತಪ್ಪುವುದಿಲ್ಲ. ಪಣಂಬೂರಿನ ನವಮಂಗಳೂರು ಬಂದರಿಗೆ ಐಷಾರಾಮಿ ಪ್ರವಾಸಿ ಹಡಗು ಬಂದಿದೆ. ಇಷ್ಟು ಪ್ರಯಾಣಿಕರು, ಇಷ್ಟು ಸಿಬ್ಬಂದಿ, ಇಷ್ಟು ಮೀಟರ್ ಉದ್ದ. ಜತೆಗೆ ಚೆಂಡೆಯ ಸ್ವಾಗತ, ಯಕ್ಷಗಾನದ ವೇಷದ ಪಕ್ಕ ನಗುತ್ತ ನಿಂತ ವಿದೇಶಿ ಅಜ್ಜಿಯ ಫೋಟೊ. ಸುದ್ದಿಯ ಕೊನೆಯ ಸಾಲಿಗೆ ಯಾರ ಕಣ್ಣೂ ಹೋಗುವುದಿಲ್ಲ: ಸಂಜೆ ಹಡಗು ಮುಂದಿನ ಬಂದರಿಗೆ ಹೊರಟಿತು.

ನಾನು ಸವದತ್ತಿ ತಾಲ್ಲೂಕಿನ ಮುನವಳ್ಳಿಯವಳು. ಬಿಇ ಓದಲು ಕರಾವಳಿಗೆ ಬಂದವಳು. ಹಡಗಿನ ದಿನ ಏನಾಗುತ್ತದೆ ಎಂಬುದು ಎರಡು ವರ್ಷದಲ್ಲಿ ನನಗೂ ಬಾಯಿಪಾಠವಾಗಿದೆ. ಬೆಳಿಗ್ಗೆ ಬಸ್ಸುಗಳ ಸಾಲು ಹೊರಡುತ್ತದೆ. ಕೆಲವರು ಕಾರ್ಕಳದ ಗೊಮ್ಮಟನಿಗೆ, ಕೆಲವರು ಮೂಡುಬಿದಿರೆಯ ಸಾವಿರ ಕಂಬದ ಬಸದಿಗೆ, ಉಳಿದವರು ಕುದ್ರೋಳಿ ದೇವಸ್ಥಾನ, ಸೇಂಟ್ ಅಲೋಶಿಯಸ್ ಚಾಪೆಲ್, ಗೇರುಬೀಜ ಕಾರ್ಖಾನೆ, ಮಾರುಕಟ್ಟೆ ಎಂದು ಹಂಚಿಹೋಗುತ್ತಾರೆ. ಊಟ ಹಡಗಿನಲ್ಲೇ, ಏಕೆಂದರೆ ಅದರ ಹಣ ಮೊದಲೇ ಕಟ್ಟಿಯಾಗಿದೆ. ನಿದ್ದೆಯೂ ಅಲ್ಲೇ. ಬಸ್ಸಿನ ಪ್ರವಾಸವನ್ನು ಬಹುಪಾಲು ಹಡಗಿನಲ್ಲೇ ಮಾರಿರುತ್ತಾರೆ. ಊರಿಗೆ ಉಳಿಯುವುದು ಒಂದಿಷ್ಟು ಆಟೊ ಬಾಡಿಗೆ, ಒಂದೆರಡು ಶಾಲು, ಒಂದು ಎಳನೀರು.

‘ಹಾಗಾದರೆ ಇದರಿಂದ ಏನು ಲಾಭ?’ ಎಂದು ಒಬ್ಬ ಆಟೊ ಚಾಲಕರನ್ನು ಕೇಳಿದೆ. ‘ಎಂತ ಮಾಡುದು ಮೇಡಂ, ಬರುದೇ ಬೇಡ ಅಂತ ಹೇಳ್ಲಿಕ್ಕೆ ಆಗ್ತದಾ?’ ಎಂದರು. ಅವರ ಮಾತು ಸರಿಯೇ. ಹಡಗು ಬರಬಾರದು ಎಂಬುದು ನನ್ನ ವಾದವಲ್ಲ. ಬಂದದ್ದನ್ನು ನಾವು ಅಳೆಯುವ ಕ್ರಮ ತಪ್ಪು ಎಂಬುದಷ್ಟೇ ನನ್ನ ತಕರಾರು.

ನಾವು ತಲೆ ಎಣಿಸುತ್ತೇವೆ. ತಾಸು ಎಣಿಸಿ ನೋಡಿ. 2,000 ಜನ ತಲಾ 6 ತಾಸು ಊರಿನಲ್ಲಿದ್ದರೆ ಒಟ್ಟು 12,000 ತಾಸು. 250 ಜನ ತಲಾ ಎರಡು ದಿನ ಉಳಿದರೂ ಅದೇ 12,000 ತಾಸು. ಆದರೆ 2,000 ಜನ ಒಟ್ಟಿಗೆ ಬಂದಿಳಿದರೆ ರಸ್ತೆ, ಶೌಚಾಲಯ, ಬಸದಿಯ ಅಂಗಳ ಎಲ್ಲದರ ಮೇಲೂ ಎಂಟು ಪಟ್ಟು ಹೊರೆ. 250 ಜನ ಇಲ್ಲೇ ಉಂಡು, ಇಲ್ಲೇ ಮಲಗಿ, ಮರುದಿನ ಬೆಳಿಗ್ಗೆ ಮತ್ತೆ ಚಹಾ ಕುಡಿಯುತ್ತಾರೆ. ನಮ್ಮ ಕಡೆಯ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ತ್ರೀ ಫೇಸ್ ಬಂದ ತಕ್ಷಣ ಎಲ್ಲರೂ ಒಟ್ಟಿಗೆ ಪಂಪ್‌ಸೆಟ್ ಚಾಲೂ ಮಾಡಿದರೆ ಟಿಸಿ ಸುಡುತ್ತದೆ. ಅಷ್ಟೇ ಕರೆಂಟನ್ನು ಸರದಿಯಲ್ಲಿ ಬಳಸಿದರೆ ಎಲ್ಲರ ಹೊಲಕ್ಕೂ ನೀರು.

ಮೆಡಿಟರೇನಿಯನ್ ದ್ವೀಪಗಳ ಟಿಸಿ ಸುಟ್ಟು ಕೆಲವು ವರ್ಷಗಳಾದವು. ಗ್ರೀಸಿನ ಸ್ಯಾಂಟೊರಿನಿಯ ಜನಸಂಖ್ಯೆ ಹೆಚ್ಚೆಂದರೆ ಹದಿನೈದು, ಹದಿನಾರು ಸಾವಿರ. ಅಲ್ಲಿ ದೊಡ್ಡ ಹಡಗುಗಳು ಸಮುದ್ರದಲ್ಲೇ ನಿಲ್ಲುತ್ತವೆ, ಸಣ್ಣ ದೋಣಿಗಳಲ್ಲಿ ಜನರನ್ನು ದಡಕ್ಕೆ ತರುತ್ತಾರೆ. ದಡದಿಂದ ಬೆಟ್ಟದ ಮೇಲಿನ ಊರಿಗೆ ಹೋಗಲು ಕೇಬಲ್ ಕಾರ್, ಇಲ್ಲವೇ ಸುಮಾರು ಆರು ನೂರು ಮೆಟ್ಟಿಲು, ಇಲ್ಲವೇ ಕತ್ತೆ. 2024ರ ಜುಲೈನಲ್ಲಿ ಒಂದು ದಿನ 17 ಸಾವಿರ ಹಡಗು ಪ್ರಯಾಣಿಕರು ಬರುವವರಿದ್ದರು. ಅಂದು ಊರಿನವರೇ ಓಡಾಟ ಕಡಿಮೆ ಮಾಡಿಕೊಳ್ಳಬೇಕು ಎಂದು ಸ್ಥಳೀಯ ಪ್ರತಿನಿಧಿಯೊಬ್ಬರು ಮನವಿ ಮಾಡಿದ್ದು ದೊಡ್ಡ ಗದ್ದಲವಾಯಿತು. ಸ್ವಂತ ಊರಿನಲ್ಲಿ ಮನೆಯೊಳಗೆ ಕೂತಿರಿ ಎಂದರೆ ಯಾರಿಗೆ ಸಿಟ್ಟು ಬರುವುದಿಲ್ಲ? ಈಗ ಅಲ್ಲಿ ದಿನಕ್ಕೆ 8 ಸಾವಿರ ಹಡಗು ಪ್ರಯಾಣಿಕರ ಮಿತಿ ಇದೆ. 2025ರ ಜುಲೈನಿಂದ ಪ್ರವಾಸದ ಭರಾಟೆಯ ತಿಂಗಳುಗಳಲ್ಲಿ ಹಡಗಿನಿಂದ ಇಳಿಯುವವರು ತಲಾ 20 ಯುರೊ ಕಟ್ಟಬೇಕು. ಸ್ಪೇನಿನ ಮಯೋರ್ಕಾ ದ್ವೀಪದ ಪಾಲ್ಮಾ ಬಂದರು 2022ರಿಂದಲೇ ದಿನಕ್ಕೆ ಮೂರು ಹಡಗು ಸಾಕು ಎಂದಿದೆ.

ಮಂಗಳೂರು ಇನ್ನೂ ಆ ಸ್ಥಿತಿಗೆ ಬಂದಿಲ್ಲ. ಹಾಗಾಗಿಯೇ ಈಗ ಯೋಚಿಸಬೇಕು. ಯಕ್ಷಗಾನ, ಭೂತಕೋಲ ಕಳೆಗಟ್ಟುವುದು ರಾತ್ರಿ. ಹಡಗು ಹೊರಡುವುದು ಸಂಜೆ. ಅಂದರೆ ಆ ಅಜ್ಜಿ ನೋಡಿದ್ದು ಕಿರೀಟವನ್ನು ಮಾತ್ರ. ಆಟವನ್ನಲ್ಲ. ಒಂದು ರಾತ್ರಿ ಬಂದರಿನಲ್ಲೇ ನಿಲ್ಲುವ ಹಡಗಿಗೆ ಶುಲ್ಕದಲ್ಲಿ ರಿಯಾಯಿತಿ ಕೊಡಲಿ, ಸಂಜೆಗೇ ಓಡುವ ಹಡಗಿಗೆ ಸ್ವಲ್ಪ ಹೆಚ್ಚು ಹಾಕಲಿ.

ಈ ಕರಾವಳಿಗೆ ಮೆಡಿಟರೇನಿಯನ್ ಕಡೆಯಿಂದ ಬಂದವರು ಮೊದಲೆಲ್ಲ ಇಷ್ಟು ಅವಸರದಲ್ಲಿ ಇರಲಿಲ್ಲ. 12ನೇ ಶತಮಾನದಲ್ಲಿ ಟ್ಯುನೀಷಿಯಾದ ಮಹದಿಯಾ ಬಂದರಿನ ಯಹೂದಿ ವ್ಯಾಪಾರಿ ಅಬ್ರಹಾಂ ಬೆನ್ ಯಿಜು ಮಂಗಳೂರಿಗೆ ಬಂದು ಸುಮಾರು 17 ವರ್ಷ ಇದ್ದ. ಇಲ್ಲಿಯ ಹೆಣ್ಣನ್ನು ಮದುವೆಯಾದ, ಕಂಚಿನ ಪಾತ್ರೆಗಳ ಕಾರ್ಖಾನೆ ನಡೆಸಿದ, ಮೆಣಸು, ಅಡಿಕೆ ಕಳಿಸಿದ. ಆಮೇಲೆ ತನ್ನ ಮಗಳನ್ನು ಸಿಸಿಲಿ ದ್ವೀಪದಿಂದ ಬಂದ ಸಹೋದರನ ಮಗನಿಗೆ ಕೊಟ್ಟ. ಅವನ ಪತ್ರಗಳು ಕೈರೊದ ಹಳೆಯ ಯಹೂದಿ ಪ್ರಾರ್ಥನಾ ಮಂದಿರದ ಕಾಗದದ ರಾಶಿಯಲ್ಲಿ ಸಿಕ್ಕವು. ಅಮಿತಾವ್ ಘೋಷ್ ಅವನ ಬೆನ್ನುಹತ್ತಿ 1992ರಲ್ಲಿ ಒಂದು ಪುಸ್ತಕವನ್ನೇ ಬರೆದರು. ಈಗ ಪ್ರವಾಸಿಗಳು ಕತ್ತೆತ್ತಿ ನೋಡುವ ಅಲೋಶಿಯಸ್ ಚಾಪೆಲ್‌ನ ಚಿತ್ರಗಳನ್ನು ಬಿಡಿಸಿದ ಅಂಟೋನಿಯೊ ಮೊಸ್ಕೇನಿ ಕೂಡ ಇಟಲಿಯವರೇ. ಮೂಡುಬಿದಿರೆಯ ಬಸದಿಯ ಕಲ್ಲಿನಲ್ಲಿ ಜಿರಾಫೆ ಇದೆ. ಜಿರಾಫೆ ನಮ್ಮ ನಾಡಿನ ಪ್ರಾಣಿಯಲ್ಲ. ಆಫ್ರಿಕಾದ ಸುದ್ದಿ ಹೊತ್ತು ಬಂದ ಯಾರೋ ಇಲ್ಲಿಯ ಶಿಲ್ಪಿಗೆ ಅದನ್ನು ಮನಸ್ಸಿಗೆ ಮುಟ್ಟುವ ಹಾಗೆ ಹೇಳಿರಬೇಕು. ಅಂಥ ಮಾತು ಬಸ್ಸು ಹಾರ್ನ್ ಹೊಡೆಯುತ್ತಿರುವಾಗ ಆಗುವುದಿಲ್ಲ.

ಹಡಗಿಲ್ಲದ ನಮ್ಮ ಊರಿಗೆ ಇದು ಏಕೆ ಬೇಕು ಎನ್ನಬಹುದು. ಮುನವಳ್ಳಿಯ ಪಕ್ಕದಲ್ಲೇ ಸವದತ್ತಿ ಎಲ್ಲಮ್ಮನ ಗುಡ್ಡವಿದೆ. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗೆ ಲಕ್ಷಗಟ್ಟಲೆ ಜನ. ಆ ದಿನಗಳಲ್ಲಿ ಸವದತ್ತಿಗೆ ಹೋಗುವ ಕೆಲಸವಿದ್ದರೆ ನಮ್ಮ ಮನೆಯಲ್ಲಿ ಮುಂದಕ್ಕೆ ಹಾಕುತ್ತಾರೆ. ಸ್ಯಾಂಟೊರಿನಿಯವರ ಕಥೆ ಓದಿದಾಗ ನನಗೆ ನೆನಪಾದದ್ದು ಇದೇ. ಹಿಂದೆ ಭಕ್ತರು ಚಕ್ಕಡಿ ಕಟ್ಟಿಕೊಂಡು ಬರುತ್ತಿದ್ದರು. ಜೋಗುಳಬಾವಿಯಲ್ಲಿ ಸ್ನಾನ ಮಾಡಿ, ಗುಡ್ಡದಲ್ಲೇ ಒಲೆ ಹೂಡಿ, ಪಡ್ಡಲಗಿ ತುಂಬಿಸಿ, ರಾತ್ರಿ ಚೌಡಿಕೆ ಪದ ಕೇಳಿ, ದಿನಗಟ್ಟಲೆ ಇದ್ದು ಹೋಗುತ್ತಿದ್ದರು ಎಂದು ನಮ್ಮ ಆಯಿ ಹೇಳುತ್ತಾಳೆ. ದಾರಿಯಲ್ಲಿ ಎತ್ತಿಗೆ ಮೇವು, ನೀರು ಎಂದು ಹತ್ತು ಊರಿನ ನಂಟು. ಚಕ್ಕಡಿ ಈಗಲೂ ಬರುತ್ತವೆ. ಆದರೆ ಬಹಳಷ್ಟು ಜನ ಕಾರು, ಕ್ರೂಸರ್‌ಗಳಲ್ಲಿ ಬೆಳಿಗ್ಗೆ ಬಂದು ಸಂಜೆಗೆ ಮನೆ ಸೇರುತ್ತಾರೆ.

ಎಲ್ಲಮ್ಮನ ಗುಡ್ಡದ ಅಭಿವೃದ್ಧಿಗೆ ಕೇಂದ್ರ ಸರ್ಕಾರ 2024ರಲ್ಲಿ 100 ಕೋಟಿ ರೂಪಾಯಿ ಮಂಜೂರು ಮಾಡಿದೆ. ಸಂತೋಷ. ಆದರೆ ಆ ಹಣದ ಪ್ರತಿ ಕಾಮಗಾರಿಗೂ ಒಂದು ಪ್ರಶ್ನೆ ಕೇಳಬೇಕು: ಇದರಿಂದ ಬರುವವರ ಸಂಖ್ಯೆ ಹೆಚ್ಚುತ್ತದೆಯೋ, ಬಂದವರು ಇರುವ ತಾಸು ಹೆಚ್ಚುತ್ತದೆಯೋ? ವಾಹನ ನಿಲುಗಡೆ ಬೇಕು, ನಿಜ. ನಿಲುಗಡೆ ಎಷ್ಟು ದೊಡ್ಡದಾದರೂ ಹುಣ್ಣಿಮೆಯ ದಿನ ಸಾಲುವುದಿಲ್ಲ. ಬಡ ಭಕ್ತರಿಗೆ ಎಟಕುವ ಬಾಡಿಗೆಯಲ್ಲಿ ಒಂದು ರಾತ್ರಿ ಮಲಗುವ ಜಾಗ, ಹೆಣ್ಣುಮಕ್ಕಳಿಗೆ ಬಾಗಿಲು ಭದ್ರವಿರುವ ಶೌಚಾಲಯ, ಹುಣ್ಣಿಮೆ ಬಿಟ್ಟು ಬೇರೆ ದಿನ ಬರುವವರಿಗೆ ಸಣ್ಣ ರಿಯಾಯಿತಿ. ಇವು ನಿಲುಗಡೆಗಿಂತ ಮೊದಲು ಬರಬೇಕು.

ಕಳೆದ ರಜೆಯಲ್ಲಿ ನಾನೂ ಇಬ್ಬರು ಗೆಳತಿಯರೂ ಕೂತು, ಗುಡ್ಡಕ್ಕೆ ಬಂದವರು ಇನ್ನೊಂದು ದಿನ ಉಳಿದರೆ ಏನೇನು ನೋಡಬಹುದು ಎಂದು ಪಟ್ಟಿ ಮಾಡಿದೆವು. ನವಿಲುತೀರ್ಥದ ಅಣೆಕಟ್ಟೆ, ನಮ್ಮೂರಿನ ಪಂಚಲಿಂಗೇಶ್ವರ ದೇವಸ್ಥಾನ, ಹಳೆ ಕೋಟೆ, ಸಂಜೆ ಮಲಪ್ರಭೆಯ ದಂಡೆ. ರಾತ್ರಿ ಎಲ್ಲಿ ಮಲಗುವುದು ಎಂಬಲ್ಲಿ ಪಟ್ಟಿ ನಿಂತಿತು. ಗೆಳತಿಯ ಅವ್ವ ಒಳಗಿನಿಂದಲೇ ಕೂಗಿ ಹೇಳಿದರು: ‘ಇಬ್ಬರಾದ್ರ ನಮ್ಮ ಪಡಸಾಲ್ಯಾಗ ಮಲಗಲಿ. ರೊಟ್ಟಿ ಉಣ್ಣಾಕ ಬರ್ತೈತೇನ ಅಂತ ಮೊದ್ಲ ಕೇಳ್ರಿ’.