ಹೊಣೆ ನಿಲ್ಲುವವರು ಯಾರು?

2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯು ಸಮುದಾಯ ಸೇವೆಯನ್ನೂ ಶಿಕ್ಷೆಗಳ ಸಾಲಿಗೆ ಸೇರಿಸಿದೆ. 5000 ರೂಪಾಯಿಗಿಂತ ಕಡಿಮೆ ಬೆಲೆಯ ವಸ್ತುವನ್ನು ಕದ್ದು, ಮೊದಲ ಬಾರಿಗೆ ತಪ್ಪಿತಸ್ಥನಾದವನು ಅದನ್ನು ಹಿಂದಿರುಗಿಸಿದರೆ ಸೆರೆಮನೆಯ ಬದಲು ಇಂಥ ಸೇವೆಯನ್ನು ಮಾಡತಕ್ಕದ್ದು. ಇದನ್ನು ಓದಿದಾಗ ನನಗೆ ಹಿಂದಿನ ಒಂದು ಪ್ರಸಂಗ ನೆನಪಾಯಿತು.

ಕೆಲವು ವರ್ಷಗಳ ಕೆಳಗೆ ಪರಿವೀಕ್ಷಣಾಧಿಕಾರಿಯೊಬ್ಬರು ನಮ್ಮ ಕಾಲೇಜಿಗೆ ಬಂದು, ನನ್ನ ತರಗತಿಯ ಹುಡುಗನೊಬ್ಬನ ನಡತೆಯನ್ನು ಕುರಿತು ವಿಚಾರಿಸಿದರು. ಹೊಡೆದಾಟದ ಮೊಕದ್ದಮೆಯಲ್ಲಿ ಅವನ ಅಪರಾಧ ರುಜುವಾತಾಗಿತ್ತು. ಅವನನ್ನು ಸೆರೆಮನೆಗೆ ಕಳುಹಿಸಬೇಕೋ, ಸನ್ನಡತೆಯ ಮುಚ್ಚಳಿಕೆ ಬರೆಯಿಸಿಕೊಂಡು ಬಿಡಬೇಕೋ ಎಂಬುದನ್ನು ನಿರ್ಧರಿಸಲು ನ್ಯಾಯಾಲಯವು ವರದಿ ಕೇಳಿತ್ತು. “ಹುಡುಗ ಎಂಥವನು, ಮೇಷ್ಟ್ರೇ?” ಎಂದರು ಅಧಿಕಾರಿಗಳು. ಒಂದೂವರೆ ವರ್ಷ ಪಾಠ ಹೇಳಿದ್ದ ನನಗೆ ಅವನ ಹಾಜರಿಯ ಲೆಕ್ಕವೊಂದರ ಹೊರತು ಬೇರೇನೂ ತಿಳಿದಿರಲಿಲ್ಲ. ಆ ನಾಚಿಕೆ ಇಂದಿಗೂ ನನ್ನನ್ನು ಬಿಟ್ಟಿಲ್ಲ.

ಈ ಪದ್ಧತಿಗೆ ಮೊದಲಿಟ್ಟವನು ಬಾಸ್ಟನ್ ನಗರದಲ್ಲಿ ಬೂಟು ಹೊಲಿದು ಬದುಕುತ್ತಿದ್ದ ಜಾನ್ ಆಗಸ್ಟಸ್ ಎಂಬಾತ. 1841ರಲ್ಲಿ ಆತನು ನ್ಯಾಯಾಲಯಕ್ಕೆ ತಂದಿದ್ದ ಒಬ್ಬ ಕುಡುಕನಿಗೆ ತಾನೇ ಹೊಣೆ ನಿಂತನು. ಮೂರು ವಾರಗಳ ತರುವಾಯ ಮರಳಿ ಕರೆತಂದಾಗ ಆ ಮನುಷ್ಯನ ಗುರುತೇ ಹತ್ತದಷ್ಟು ಬದಲಾವಣೆಯಾಗಿತ್ತು. ನ್ಯಾಯಾಧೀಶರು ಹೆಸರಿಗೊಂದು ಅಲ್ಪದಂಡ ವಿಧಿಸಿ ಬಿಟ್ಟರು. ಇಂಗ್ಲೆಂಡಿನ 1907ರ ಕಾಯಿದೆಯು ಬುದ್ಧಿ ಹೇಳುವುದು, ನೆರವಾಗುವುದು, ಸ್ನೇಹ ತೋರುವುದು ಎಂಬ ಕರ್ತವ್ಯಗಳನ್ನು ಅಧಿಕಾರಿಗೆ ವಿಧಿಸಿತು.

ನಮ್ಮ 1958ರ ಅಪರಾಧಿಗಳ ಪ್ರೊಬೇಷನ್ ಕಾಯಿದೆಯೂ ಉದಾರವಾದುದೇ. 21 ವರ್ಷ ತುಂಬದವನನ್ನು ಸೆರೆಗೆ ಕಳುಹಿಸುವುದಾದರೆ, ಕೊಲೆಯಂಥ ಘೋರ ಅಪರಾಧಗಳನ್ನುಳಿದು, ನ್ಯಾಯಾಲಯವು ಕಾರಣವನ್ನು ಬರೆದಿಡಬೇಕು. ಅಧಿಕಾರಿಯು ಅಪರಾಧಿಯ ಮೇಲೆ ಕಣ್ಣಿಟ್ಟರೆ ಸಾಲದು. ಅಗತ್ಯವಿದ್ದರೆ ತಕ್ಕ ಉದ್ಯೋಗ ದೊರಕಿಸಲೂ ಯತ್ನಿಸಬೇಕು. ಹಾಗಾದರೆ ಪೆಟ್ಟು ತಿಂದವನ ಪಾಡೇನು ಎಂದು ವಾಚಕರು ಕೇಳಬಹುದು. ಆ ಪ್ರಶ್ನೆ ನ್ಯಾಯವಾದುದು. ಅವನಿಗೆ ಪರಿಹಾರ ಕೊಡಿಸುವ ಅಧಿಕಾರವನ್ನೂ ಕಾಯಿದೆ ನ್ಯಾಯಾಲಯಕ್ಕೆ ಕೊಟ್ಟಿದೆ. ಆದರೆ ಮುಚ್ಚಳಿಕೆಯ ಮೇಲೆ ಬಿಡಬೇಕಾದರೆ ಅಪರಾಧಿಗೋ ಜಾಮೀನುದಾರನಿಗೋ ನಿಶ್ಚಿತವಾದ ನೆಲೆ ಇಲ್ಲವೆ ಕಸುಬು ಇರಬೇಕೆಂಬ ನಿಯಮವಿದೆ. ಊರು ಬಿಟ್ಟು ಬಂದು, ಕಟ್ಟಡದ ಕೆಲಸವಿದ್ದೆಡೆಗೆಲ್ಲ ಅಲೆಯುವ ಕೂಲಿಗೆ ನೆಲೆ ಎಲ್ಲಿಯದು? ಅವನಿಗೆ ಜಾಮೀನು ನಿಲ್ಲುವವರು ಯಾರು?

ಇನ್ನು ಮೇಲ್ವಿಚಾರಣೆಯ ಬಗೆ. ಮತ್ತೆ ತಪ್ಪುವ ಸಂಭವ ಹೆಚ್ಚಿರುವವನಿಗೆ ಹೆಚ್ಚು ಗಮನ ಕೊಡಬೇಕು, ಕಡಿಮೆಯಿರುವವನನ್ನು ಹೆಚ್ಚು ಕಾಡಬಾರದು ಎಂದು ಕೆನಡದ ವಿದ್ವಾಂಸರು 1990ರಲ್ಲಿ ಪ್ರತಿಪಾದಿಸಿದರು. ವಾರವಾರವೂ ಸಹಿ ಹಾಕಲು ಅಲೆದು ಕೂಲಿ ಕಳೆದುಕೊಂಡವನು ಸುಧಾರಿಸುವುದೆಂತು? ಮಾತು ಸರಿಯೇ. ಆದರೆ ಇಂಗ್ಲೆಂಡು 2014ರಲ್ಲಿ ಅಪಾಯ ಕಡಿಮೆಯೆಂದು ಎಣಿಸಿದವರನ್ನು ಖಾಸಗಿ ಕಂಪನಿಗಳ ವಶಕ್ಕೆ ಒಪ್ಪಿಸಿತು. ಕೆಲವರ ಪಾಲಿಗೆ ಆರು ವಾರಕ್ಕೊಮ್ಮೆ ಬರುವ ದೂರವಾಣಿ ಕರೆಯೇ ಮೇಲ್ವಿಚಾರಣೆ ಎನಿಸಿಕೊಂಡಿತು. ಪ್ರಯೋಗ ಸೋತು, 2021ರ ಜೂನ್‌ನಲ್ಲಿ ಆ ಕೆಲಸ ಸರ್ಕಾರಕ್ಕೇ ಮರಳಿತು. ಎದುರು ಕುಳಿತು ಮಾತನಾಡುವ ಮನುಷ್ಯನಿಲ್ಲದಿದ್ದರೆ ಲೆಕ್ಕಾಚಾರ ಎಷ್ಟು ಚೆನ್ನಾಗಿದ್ದರೇನು?

ನಮ್ಮ ಹೊಸ ಶಿಕ್ಷೆಗೂ ಇದೇ ಪರೀಕ್ಷೆ ಕಾದಿದೆ. ಸೇವೆ ಮಾಡಲು ಬಂದವನನ್ನು ಆಸ್ಪತ್ರೆ, ಶಾಲೆ, ಗ್ರಂಥಾಲಯಗಳು ಕಳ್ಳನೆಂದೇ ಕಾಣುವುದಾದರೆ ಅದು ಬೀದಿಯ ಅವಮಾನವಾದೀತೇ ಹೊರತು ಸುಧಾರಣೆಯಾಗದು. ಕಾಯಿದೆ ಬಾಗಿಲು ತೆರೆಯಬಲ್ಲುದು. ಒಳಗೆ ಕರೆಯಬೇಕಾದವರು ನಾವು.

ಆ ಹುಡುಗನನ್ನು ನ್ಯಾಯಾಲಯ ಮುಚ್ಚಳಿಕೆಯ ಮೇಲೆ ಬಿಟ್ಟಿತು. ಅವನು ತರಗತಿಗೆ ಮರಳಿದ ದಿನ ನಾನು ಹಾಜರಿ ಪುಸ್ತಕವನ್ನು ಮುಚ್ಚಿಟ್ಟು, ಅವನನ್ನು ಬಳಿಗೆ ಕರೆದು, ಮನೆಯಲ್ಲಿ ಯಾರು ಯಾರಿದ್ದಾರೆಂದು ಕೇಳಿದೆ. ಮೊದಲ ವರ್ಷವೇ ಕೇಳಬೇಕಾಗಿದ್ದ ಪ್ರಶ್ನೆ ಅದು.